ಬೇನೆ ಶುರುವಾದರೆ ಮೊದಲು ನೆನಪಾಗುತ್ತಿದ್ದ ನರಸಮ್ಮ

ತುಮಕೂರು ಜಿಲ್ಲೆಯಲ್ಲೇ ಇದ್ದರೂ ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ಗಡಿ. ಮಳೆ ಕಮ್ಮಿ, ಬರ ಹೆಚ್ಚು. ಜನರ ನಾಲಿಗೆಯ ಮೇಲೆ ಕನ್ನಡವೂ ತೆಲುಗೂ ಒಟ್ಟಿಗೇ ಆಡುತ್ತವೆ. ಆಸ್ಪತ್ರೆ ದೂರದ ಮಾತಾಗಿದ್ದ ಕಾಲದಲ್ಲಿ ಇಲ್ಲಿನ ಕೃಷ್ಣಾಪುರದ ಸುತ್ತಮುತ್ತ ಯಾವ ಬಸುರಿಗೆ ಬೇನೆ ಕಾಣಿಸಿಕೊಂಡರೂ ಮನೆಯವರು ಹುಡುಕಿಕೊಂಡು ಹೋಗುತ್ತಿದ್ದುದು ಸೂಲಗಿತ್ತಿ ನರಸಮ್ಮನವರನ್ನು. ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅದಕ್ಕೆ ಹಣದ ಬೆಲೆ ಕಟ್ಟಲಿಲ್ಲ. 2018ರ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ.

1920ರಲ್ಲಿ ಹುಟ್ಟಿದ ನರಸಮ್ಮ ಓದು ಕಲಿತವರಲ್ಲ. ಹನ್ನೆರಡನೇ ವಯಸ್ಸಿಗೇ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತು, ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಅಜ್ಜಿಯೇ ಅವರ ಗುರು. ಮೊಮ್ಮಗಳ ಹೆರಿಗೆಗಳನ್ನೂ ಮಾಡಿಸಿದ ಆ ಅಜ್ಜಿಯ ಜತೆಗಿದ್ದು, ನೋಡಿ, ಕೈಯಾಡಿಸಿ ವಿದ್ಯೆ ಕಲಿತರು. ಇಪ್ಪತ್ತರ ಹರೆಯದಲ್ಲಿ, 1940ರಲ್ಲಿ, ಬಂಧುವೊಬ್ಬರ ಹೆರಿಗೆಗೆ ನಿಂತಲ್ಲಿಂದ ಅವರ ಕಾಯಕ ಶುರುವಾಯಿತು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಬಸುರಿ, ಬಾಣಂತಿಯರಿಗೆ ಕೊಡುವ ನಾಟಿ ಔಷಧಿಗಳನ್ನೂ ಕಲಿತುಕೊಂಡರು.

ಸೂಲಗಿತ್ತಿಯ ವಿದ್ಯೆಯೆಲ್ಲ ಕೈಬೆರಳುಗಳಲ್ಲಿ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ, ಎಷ್ಟು ಇಳಿದಿದೆ ಎಂದು ತಿಳಿಯಬೇಕು. ಬೇನೆ ಬಂದಾಗ ಯಾವಾಗ ಮುಕ್ಕರಿಯಬೇಕು, ಯಾವಾಗ ಉಸಿರು ಬಿಟ್ಟು ಸುಮ್ಮನಿರಬೇಕು ಎಂದು ಹೇಳಿಕೊಡಬೇಕು. ಕೂಸು ಹೊರಬಂದು ಅತ್ತ ಮೇಲೂ ಕೆಲಸ ಮುಗಿಯದು. ಮಾಸು ಪೂರ್ತಿ ಬೀಳುವವರೆಗೆ ಕಾಯಬೇಕು, ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಬೇಕು, ಆಮೇಲೆ ಬಾಣಂತಿಯ ಎಣ್ಣೆನೀರು, ಮಗುವಿನ ಸ್ನಾನ. ಇವೆಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಇಡೀ ರಾತ್ರಿ ಪಕ್ಕದಲ್ಲಿ ಕೂತು ‘ಹೆದರಬೇಡ, ನಾನಿದ್ದೀನಿ’ ಎನ್ನುವುದು.

ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ನರಸಮ್ಮನವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಹಟ್ಟಿಗಳಲ್ಲಿ, ಗುಡಿಸಲುಗಳಲ್ಲಿ ಹೆಸರಿಲ್ಲದೆ ದುಡಿದ ಅಸಂಖ್ಯ ಸೂಲಗಿತ್ತಿಯರಿಗೂ ಅದರಲ್ಲಿ ಪಾಲಿದೆ.

ಹಾಗೆಂದು ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲ ಮರಳಿ ಬರಲಿ ಎಂದು ಯಾರೂ ಬಯಸಬಾರದು. ರಕ್ತಸ್ರಾವ ನಿಲ್ಲದಿದ್ದರೆ, ಕೂಸು ಅಡ್ಡ ಸಿಕ್ಕಿಕೊಂಡರೆ, ನಂಜೇರಿದರೆ, ಎಂಥ ಪಳಗಿದ ಕೈಗೂ ರಕ್ತ ಕೊಡಲು, ಶಸ್ತ್ರಚಿಕಿತ್ಸೆ ಮಾಡಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಎಷ್ಟೋ ತಾಯಂದಿರು ಕಣ್ಣುಮುಚ್ಚಿದ್ದಾರೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದರು. 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ 39ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 89ರ ಹತ್ತಿರಕ್ಕೆ ಏರಿತು. ಕರ್ನಾಟಕದಲ್ಲಿ ಶೇ 97. ಇದು ಹೆಮ್ಮೆಪಡಬೇಕಾದ ಬದಲಾವಣೆ.

ಆದರೆ ನರಸಮ್ಮನವರ ಬಳಿ ಇದ್ದದ್ದೆಲ್ಲ ಆಸ್ಪತ್ರೆಗೆ ಬಂದು ಸೇರಲಿಲ್ಲ. ಹೆರಿಗೆ ಕೋಣೆಯಲ್ಲಿ ಯಂತ್ರವಿದೆ, ಔಷಧಿಯಿದೆ. ನೋವು ತಿನ್ನುವವಳ ಪಕ್ಕದಲ್ಲಿ ಬಿಡುವಾಗಿ ಕೂರುವವರು ಎಷ್ಟೋ ಕಡೆ ಇಲ್ಲ. ನರಸಮ್ಮ ತೀರಿಕೊಂಡ 2018ರಲ್ಲೇ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳ ಹೊಣೆಯನ್ನು ಆಸ್ಪತ್ರೆಯೊಳಗೇ ಅವರಿಗೆ ಒಪ್ಪಿಸುವುದು ಅದರ ಉದ್ದೇಶ. ಓದಿನ ತಿಳಿವಳಿಕೆಯ ಜತೆಗೆ ನರಸಮ್ಮನವರ ತಾಳ್ಮೆಯೂ ಕೂಡಿದ ಇಂಥ ದಾದಿಯರು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಬರಬೇಕು. ನರಸಮ್ಮನವರ ಹೆಸರಿನಲ್ಲಿ ನಾವು ಏನಾದರೂ ಕಟ್ಟುವುದಿದ್ದರೆ, ಮೊದಲು ಕಟ್ಟಬೇಕಾದದ್ದು ಇದನ್ನೇ.