ಗುಡ್ಡದ ಮೇಲಿನ ಗ್ರಹಣಕ್ಕೆ ನೂರೆಂಟರ ಲೆಕ್ಕ

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ 3.40ರ ಸುಮಾರಿಗೆ ಚಂದ್ರನ ನೆರಳು ಅಂಕೋಲೆಯ ಕಡಲತೀರದಿಂದ ಘಟ್ಟ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಹುಬ್ಬಳ್ಳಿಯಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ ಹಗಲಲ್ಲೇ ಕತ್ತಲು. ಆ ದಿನದ ಕತೆ ಹೇಳುವ ಹಿರಿಯರಲ್ಲಿ ಬಹಳ ಮಂದಿ ಗ್ರಹಣ ನೋಡಿದವರಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕೂತವರು.

ಅಂದು ಯಾರಾದರೂ ಕ್ಯಾಮೆರಾ ಹೊತ್ತು ಗದಗ ಸೀಮೆಯ ಕಪ್ಪತಗುಡ್ಡಕ್ಕೆ ಹೋಗಿದ್ದರೆ? ಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ಕಪ್ಪು ಸೂರ್ಯ, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಚಿತ್ರ ಎಂಥವರಿಗೂ ಆಸೆ ಹುಟ್ಟಿಸುತ್ತದೆ. ಆದರೆ ಆ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 38 ಡಿಗ್ರಿ ಮೇಲಿದ್ದ. ಗುಡ್ಡವನ್ನೂ ಅವನನ್ನೂ ಒಟ್ಟಿಗೆ ಹಿಡಿಯಲು 24 ಮಿ.ಮೀ.ನಂಥ ಅಗಲನೋಟದ ಲೆನ್ಸೇ ಬೇಕು. ಅದರಲ್ಲಿ ಫಿಲ್ಮಿನ ಮೇಲೆ ಬೀಳುವ ಸೂರ್ಯಬಿಂಬದ ಅಗಲ ಕಾಲು ಮಿ.ಮೀ.ಗಿಂತಲೂ ಕಡಿಮೆ!

ಇದರ ಹಿಂದಿನ ಲೆಕ್ಕ ಸರಳ. ಸೂರ್ಯ ತನ್ನ ವ್ಯಾಸದ ಸುಮಾರು 108 ಪಟ್ಟು ದೂರದಲ್ಲಿದ್ದಾನೆ. ಹಾಗಾಗಿ ಲೆನ್ಸಿನ ಫೋಕಲ್ ದೂರವನ್ನು 108ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ. 500 ಮಿ.ಮೀ. ಟೆಲಿ ಲೆನ್ಸ್ ಹಾಕಿದರೆ 4.6 ಮಿ.ಮೀ. ಭೂದೃಶ್ಯಕ್ಕೂ ಇದೇ 108 ಸಾಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳಿವೆಯಲ್ಲ, ಅಂಥದ್ದರಲ್ಲಿ 80 ಮೀಟರ್ ಎತ್ತರದ ಕಂಬವೊಂದು ಸೂರ್ಯಬಿಂಬದ ಕೆಳಅಂಚಿನಿಂದ ಮೇಲಂಚಿನವರೆಗೆ ಸರಿಯಾಗಿ ನಿಲ್ಲಬೇಕೆಂದರೆ ನೀವು ಎಂಟೂವರೆ ಕಿ.ಮೀ. ದೂರ ಸರಿಯಬೇಕು. ಹತ್ತಿರ ಹೋದಷ್ಟೂ ಕಂಬ ಬೆಳೆಯುತ್ತದೆ, ಸೂರ್ಯ ಮಾತ್ರ ಇದ್ದಷ್ಟೇ ಇರುತ್ತಾನೆ. ಜಪಮಣಿಯ ಸಂಖ್ಯೆಯೂ 108 ಎಂದು ಪುಳಕಗೊಳ್ಳುವವರಿದ್ದಾರೆ. ಇರಲಿ, ಲೆಕ್ಕಕ್ಕೆ ಅದರ ಹಂಗಿಲ್ಲ.

ಚಂದ್ರನದು ಬೇರೆ ಕತೆ. ಅವನ ಕಕ್ಷೆ ದೀರ್ಘವೃತ್ತವಾದ್ದರಿಂದ ಅವನ ದೂರ ಅವನದೇ ವ್ಯಾಸದ 103ರಿಂದ 117 ಪಟ್ಟಿನವರೆಗೆ ಏರಿಳಿಯುತ್ತದೆ. ಹತ್ತಿರವಿದ್ದಾಗ ಅಡ್ಡ ಬಂದರೆ 1980ರಂತೆ ಪೂರ್ಣ ಗ್ರಹಣ. ದೂರವಿದ್ದರೆ ಸೂರ್ಯನನ್ನು ಮುಚ್ಚಲು ಸಾಲದೆ ಅಂಚಿನಲ್ಲೊಂದು ಬಳೆ ಉಳಿಯುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರು, ಕಾಸರಗೋಡು, ಕೊಡಗಿನ ಕುಟ್ಟದಲ್ಲಿ ಕಂಡದ್ದು ಅಂಥ ಬೆಂಕಿಬಳೆ. ಹುಬ್ಬಳ್ಳಿ-ಧಾರವಾಡಕ್ಕೆ ಅಂದು ಪಾರ್ಶ್ವ ಗ್ರಹಣವಷ್ಟೇ ದಕ್ಕಿತು.

ಹಾಗಾದರೆ ಗ್ರಹಣಕ್ಕೆ ಗುಡ್ಡ ಹತ್ತುವುದು ವ್ಯರ್ಥವೇ? ಅಲ್ಲ. 1871ರ ಡಿಸೆಂಬರ್ 12ರ ಪೂರ್ಣ ಗ್ರಹಣದ ನೆರಳು ಕಾಸರಗೋಡಿನ ಬೇಕಲದಲ್ಲಿ ನೆಲ ಮುಟ್ಟಿ ನೀಲಗಿರಿಯನ್ನು ದಾಟಿತು. ಬೇಕಲದ ಕೋಟೆಯಲ್ಲಿ ಇಂಗ್ಲಿಷ್ ಖಗೋಳಜ್ಞ ನಾರ್ಮನ್ ಲಾಕಯರ್ ನೇತೃತ್ವದ ತಂಡ ಬೀಡುಬಿಟ್ಟಿತ್ತು. 2,637 ಮೀಟರ್ ಎತ್ತರದ ದೊಡ್ಡಬೆಟ್ಟದಲ್ಲಿ ಟೆನೆಂಟ್ ಎಂಬ ಸೇನಾಧಿಕಾರಿಯ ತಂಡ. ಕಪ್ಪು ಬಿಂಬದ ಸುತ್ತ ಹೊಳೆಯುವ ಕರೋನಾ ಸೂರ್ಯನದ್ದೋ, ನಮ್ಮದೇ ವಾತಾವರಣದ ಬೆಳಕಿನಾಟವೋ ಎಂಬ ಜಗಳ ಆಗಿನ್ನೂ ಪೂರ್ತಿ ತೀರಿರಲಿಲ್ಲ. ಕಡಲ ಮಟ್ಟದಲ್ಲಿ ತೆಗೆದ ಫೋಟೋಗಳನ್ನೂ ಬೆಟ್ಟದ ತುದಿಯಲ್ಲಿ ತೆಗೆದವನ್ನೂ ಅಕ್ಕಪಕ್ಕ ಇಟ್ಟಾಗ ಕರೋನಾದ ಎಳೆಗಳು, ನಡುವಿನ ಸೀಳುಗಳು ತಾಳೆಯಾದವು. ವಾತಾವರಣದ ಆಟವಾಗಿದ್ದರೆ ಎರಡು ಕಡೆಯೂ ಒಂದೇ ರೂಪ ಬರುತ್ತಿರಲಿಲ್ಲ. ಗ್ರಹಣದ ಫೋಟೋ ಸಾಕ್ಷಿಯಾಗಿ ನಿಂತ ಇಷ್ಟು ಚೊಕ್ಕ ಉದಾಹರಣೆ ನನಗೆ ಇನ್ನೊಂದು ಹೊಳೆಯುವುದಿಲ್ಲ.

ಎತ್ತರದ ಇನ್ನೊಂದು ಲಾಭ ನೆರಳಿನ ನೋಟ. ಸುತ್ತಲಿನ ಬಯಲಿಗಿಂತ 300 ಮೀಟರ್ ಎತ್ತರದಲ್ಲಿ ನಿಂತವರಿಗೆ 60 ಕಿ.ಮೀ.ವರೆಗೆ ನೆಲ ಕಾಣುತ್ತದೆ. ನೆರಳು ಬರುವುದು ಸೆಕೆಂಡಿಗೆ ಸರಿಸುಮಾರು ಒಂದು ಕಿ.ಮೀ. ವೇಗದಲ್ಲಿ. ಹವೆ ತಿಳಿಯಾಗಿದ್ದರೆ ಪೂರ್ಣತೆಗೆ ನಿಮಿಷ ಮೊದಲೇ ಎರೆಹೊಲಗಳ ಮೇಲೆ ಕತ್ತಲು ಹರಿದು ಬರುವುದು ಕಾಣಬೇಕು. ಅಗಲ ಲೆನ್ಸನ್ನು ಸೂರ್ಯನತ್ತ ತಿರುಗಿಸುವ ಬದಲು ಆ ನೆರಳಿನತ್ತ ತಿರುಗಿಸುವುದೇ ಜಾಣತನ.

ಕರೋನಾ ಸುಲಭಕ್ಕೆ ಸಿಗುವುದಲ್ಲ. ಅಂಚಿನಿಂದ ಒಂದು ಸೂರ್ಯತ್ರಿಜ್ಯದಷ್ಟು ಹೊರಗೆ ಹೋಗುವುದರೊಳಗೆ ಅದರ ಹೊಳಪು ನೂರಾರು ಪಟ್ಟು ಕುಸಿಯುತ್ತದೆ. ಒಳಭಾಗಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕಾದರೆ ಹೊರಎಳೆಗಳಿಗೆ ಒಂದು ಇಡೀ ಸೆಕೆಂಡು ಬೇಕು. 1980ರಲ್ಲಿ ಇಂದಿನ ತೆಲಂಗಾಣದ ಪಾಲೆಮ್‌ನಲ್ಲಿದ್ದ ಅಮೆರಿಕದ ತಂಡ ಗಾರ್ಡನ್ ನ್ಯೂಕರ್ಕ್ ರೂಪಿಸಿದ ಸೋಸುಗವನ್ನು (ಫಿಲ್ಟರ್) ಬಳಸಿತು. ಅದು ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು. ಹೀಗಾಗಿ ಒಂದೇ ಫೋಟೋದಲ್ಲಿ ಒಳಗೂ ಹೊರಗೂ ಎಳೆಗಳು ಮೂಡಿದವು. ಸೌರಚಟುವಟಿಕೆ ಪರಾಕಾಷ್ಠೆಯಲ್ಲಿದ್ದ ಕಾಲವಾದ್ದರಿಂದ ಕರೋನಾ ಎಲ್ಲ ದಿಕ್ಕಿಗೂ ಚಾಚಿಕೊಂಡಿತ್ತು. ಅದೇ ದಿನ ರಾಯಚೂರು ಸೀಮೆಯ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಒಂಬತ್ತು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಸೂಸುವ ಕೆಂಪು ರೇಖೆಯನ್ನು ದಾಖಲಿಸಿದರು. ಹತ್ತು ಲಕ್ಷ ಡಿಗ್ರಿಯ ಕಾವಿಲ್ಲದೆ ಕಬ್ಬಿಣ ಆ ಸ್ಥಿತಿಗೆ ಬರುವುದಿಲ್ಲ. ಈಗಂತೂ ಝೆಕ್ ಗಣಿತಜ್ಞ ಮಿಲೊಸ್ಲಾವ್ ಡ್ರುಕ್‌ಮ್ಯೂಲರ್ ಅವರಂಥವರು ಸೋಸುಗದ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ ಹತ್ತಾರು ಫೋಟೋಗಳನ್ನು ಬೆಸೆಯುತ್ತಾರೆ.

ಗುಡ್ಡವೂ ಸೂರ್ಯನೂ ಜೊತೆಯಾಗಿ ಬೇಕೆನ್ನುವವರು ಸೂರ್ಯ ತಗ್ಗಿನಲ್ಲಿರುವ ಗ್ರಹಣವನ್ನೇ ಕಾಯಬೇಕು. 2022ರ ಅಕ್ಟೋಬರ್ 25ರಂದು, ದೀಪಾವಳಿಯ ನಡುವೆ, ಅಂಥದ್ದೊಂದು ಬಂದಿತ್ತು. ಸೂರ್ಯ ಗ್ರಹಣ ಬಿಡದೆಯೇ ಮುಳುಗಿದ. ಅಂದು ಟೆಲಿ ಲೆನ್ಸ್ ಇದ್ದವರಿಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ದೂರದ ಬಯಲಿನಿಂದ ಹಿಡಿಯುವ ಅವಕಾಶವಿತ್ತು.

ನಮ್ಮಲ್ಲಿ ಕಾಣುವ ಮುಂದಿನ ಸೂರ್ಯಗ್ರಹಣ 2027ರ ಆಗಸ್ಟ್ 2ರದು. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಪೂರ್ಣತೆ, ನಮ್ಮಲ್ಲಿ ಅದೇ ಸಂಜೆ ಪಾರ್ಶ್ವ ಗ್ರಹಣ, ಅದೂ ಮಳೆಗಾಲದ ನಡುವೆ. ಮೋಡ ಸರಿದರೆ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಸೌರ ಸೋಸುಗ ಲೆನ್ಸಿನ ಮುಂದಿರಬೇಕು. ಪೂರ್ಣತೆಯ ಹೊತ್ತಿನಲ್ಲಿ ಲಕ್ಸರ್‌ನವರು ಅದನ್ನು ತೆಗೆಯಬಹುದು. ಹುಬ್ಬಳ್ಳಿಯವರು ಮೊದಲಿನಿಂದ ಕೊನೆವರೆಗೆ ತೆಗೆಯುವಂತಿಲ್ಲ.