ಅಡೆ ಹಾಕಿದ ಮಾವು ಹಣ್ಣಾಗುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಬೇಸಿಗೆಯ ಹಣ್ಣುಗಳನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಒಂದು ಬುಟ್ಟಿ ಮಾವಿನ ಹಣ್ಣು ತರಿಸಿದ್ದೆವು. ಎಲ್ಲವೂ ಒಂದೇ ಸಮನಾದ ಹಳದಿ. ಸ್ಟುಡಿಯೋ ದೀಪಗಳ ಬೆಳಕಿನಲ್ಲಿ ಬಂಗಾರದಂತೆ ಹೊಳೆದವು. ಕೆಲಸ ಮುಗಿದ ಮೇಲೆ ಕತ್ತರಿಸಿದರೆ ಒಳಗೆ ಬಿಳಿಚಿದ ತಿರುಳು. ಬಾಯಿಗಿಟ್ಟರೆ ಬರೀ ಹುಳಿ! ಕ್ಯಾಮೆರಾ ಬಣ್ಣವನ್ನಷ್ಟೇ ಕಂಡಿತ್ತು. ನಾವೂ ಅಷ್ಟನ್ನೇ ಕಂಡು ಮೋಸಹೋಗಿದ್ದೆವು. ಹಾಗಾದರೆ ಹಣ್ಣಾಗುವುದೆಂದರೆ ಏನು?

ಕಾಯಿಯೊಳಗೆ ನಡೆಯುವುದೇನು?

ಮಿಡಿ, ಎಳೆಗಾಯಿ, ಬಲಿತ ಕಾಯಿ, ದೋರುಗಾಯಿ, ಹಣ್ಣು ಎಂದು ನಮ್ಮ ಹಿರಿಯರು ಒಂದೊಂದು ಹಂತಕ್ಕೂ ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಮುಖ್ಯವಾದುದು ಬಲಿತ ಕಾಯಿ. ಆ ಹೊತ್ತಿಗೆ ಮಾವಿನ ತಿರುಳಿನಲ್ಲಿ ಸಾಕಷ್ಟು ಪಿಷ್ಟ ಶೇಖರವಾಗಿರುತ್ತದೆ. ಹಣ್ಣಾಗುವಾಗ ಕಿಣ್ವಗಳು ಈ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಹುಳಿ ತಗ್ಗುತ್ತದೆ. ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲಗೊಂಡು ತಿರುಳು ಮೆತ್ತಗಾಗುತ್ತದೆ. ಪರಿಮಳ ಹುಟ್ಟುತ್ತದೆ. ಸಿಪ್ಪೆಯ ಹಸಿರು ಅಳಿಯುವುದು ಇಷ್ಟೆಲ್ಲ ಬದಲಾವಣೆಗಳಲ್ಲಿ ಒಂದು ಮಾತ್ರ.

ಈ ಕೆಲಸಗಳನ್ನು ಆರಂಭಿಸಲು ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲ. ಇದು ಸಸ್ಯಗಳ ಬೆಳವಣಿಗೆಯ ಮೇಲೆ ಪರಿಣಾಮ ಬೀರುತ್ತದೆಂದು ರಷ್ಯದ ನೆಲ್ಯುಬೋವ್ 1901ರಲ್ಲಿ ಬಟಾಣಿ ಸಸಿಗಳಲ್ಲಿ ತೋರಿಸಿಕೊಟ್ಟ. ಮಾಗುವ ಸೇಬು ಈ ಅನಿಲವನ್ನು ತಾನೇ ತಯಾರಿಸಿ ಹೊರಬಿಡುತ್ತದೆಂದು ಇಂಗ್ಲೆಂಡಿನ ಗೇನ್ 1934ರಲ್ಲಿ ಸಿದ್ಧಪಡಿಸಿದ. ಮಾಗಲು ತೊಡಗಿದ ಹಣ್ಣಿನಲ್ಲಿ ಎಥಿಲೀನ್ ಮತ್ತಷ್ಟು ಎಥಿಲೀನನ್ನು ಹುಟ್ಟಿಸುತ್ತದೆ. ಉಸಿರಾಟವೂ ಚುರುಕಾಗಿ ಶಾಖ ಏಳುತ್ತದೆ. ಬುಟ್ಟಿಯಲ್ಲಿ ಒಂದು ಹಣ್ಣು ಕೊಳೆತರೆ ಉಳಿದವೂ ಬೇಗ ಕೆಡುವುದಕ್ಕೆ ಇದೂ ಒಂದು ಕಾರಣ.

ಅಜ್ಜಿಯ ಅಡೆ

ಈಗ ಅಟ್ಟದ ಮೇಲೆ ಹುಲ್ಲು ಹಾಸಿ ಅಡೆ ಹಾಕುತ್ತಿದ್ದ ಅಜ್ಜಿಯನ್ನು ನೆನೆಯಿರಿ. ಹುಲ್ಲು ಎಥಿಲೀನನ್ನೂ ಶಾಖವನ್ನೂ ಕಾಯಿಗಳ ಸುತ್ತ ಹಿಡಿದಿಡುತ್ತದೆ; ಆದರೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಬಾಳೆಗೊನೆಗೆ ಹೊಗೆ ಹಾಕುವ ಪದ್ಧತಿಯ ಗುಟ್ಟೂ ಇದೇ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ.

ನೀವೂ ಹೀಗೆ ಮಾಡಬಹುದು. ಬಲಿತ ಕಾಯಿಗಳನ್ನೇ ಆರಿಸಿ. ತೊಟ್ಟಿನ ಪಕ್ಕದ ಭಾಗ ಉಬ್ಬಿ ನಿಂತಿರಬೇಕು. ನೀರಿಗೆ ಹಾಕಿದರೆ ಬಲಿತ ಕಾಯಿ ಸಾಮಾನ್ಯವಾಗಿ ಮುಳುಗುತ್ತದೆ. ಸೊನೆ ಸೋರಿಹೋದ ಮೇಲೆ ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿ ಒಣಹುಲ್ಲಿನ ನಡುವೆ ಜೋಡಿಸಿ. ಹುಲ್ಲು ಸಿಗದಿದ್ದರೆ ಹಳೆಯ ಪತ್ರಿಕೆ ಸಾಕು. ಬೇಗ ಆಗಬೇಕೆಂದರೆ ಜೊತೆಗೊಂದು ಕಳಿತ ಬಾಳೆಹಣ್ಣು ಇಡಿ. ದಿನವೂ ತೆಗೆದು ನೋಡಿ, ಕೊಳೆತದ್ದನ್ನು ಬೇರ್ಪಡಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ. ಉಸಿರುಕಟ್ಟಿ ಹುಳಿವಾಸನೆ ಬರುತ್ತದೆ. ಹಣ್ಣಾಗುವ ಮೊದಲು ಫ್ರಿಜ್‌ನಲ್ಲೂ ಇಡಬೇಡಿ. ತಣ್ಣಗಾದರೆ ಕಿಣ್ವಗಳ ಕೆಲಸ ಕುಂಠಿತವಾಗುತ್ತದೆ.

ಬಾಳೆ, ಸಪೋಟ, ಪರಂಗಿ, ಸೀತಾಫಲ, ಟೊಮೇಟೊಗಳಿಗೂ ಈ ಉಪಾಯ ನಡೆಯುತ್ತದೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್‌ಗಳಿಗೆ ನಡೆಯದು. ಕಿತ್ತ ಮೇಲೆ ಅವು ಸಿಹಿಯಾಗುವುದಿಲ್ಲ. ಎಳೆಯ ಮಾವಿನಕಾಯಿಯದೂ ಅದೇ ಪಾಡು. ಒಳಗೆ ಕೂಡಿಟ್ಟ ಪಿಷ್ಟವೇ ಇಲ್ಲದಿದ್ದರೆ ಸಕ್ಕರೆ ಎಲ್ಲಿಂದ ಬಂದೀತು?

ಅವಸರದ ವಿಷ

ನಮ್ಮ ಬುಟ್ಟಿಯ ಹಣ್ಣುಗಳಿಗೆ ಆಗಿದ್ದೇನೆಂದು ನಾವು ಪರೀಕ್ಷೆ ಮಾಡಿಸಲಿಲ್ಲ. ಆದರೆ ಎಳೆಗಾಯಿಗೆ ಬಣ್ಣ ಬರಿಸುವ ಒಂದು ಅಡ್ಡದಾರಿ ಎಲ್ಲರಿಗೂ ಗೊತ್ತಿದೆ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಗುಲಿದರೆ ಅಸಿಟಿಲೀನ್ ಹೊರಡುತ್ತದೆ. ಬೆಸುಗೆಗೆ ಬಳಸುವ ಈ ಅನಿಲ ಎಥಿಲೀನನ್ನು ಅಣಕಿಸಿ ಸಿಪ್ಪೆಗೆ ಬಣ್ಣ ಕೊಡುತ್ತದೆ. ಎಳೆಗಾಯಿಗೆ ರುಚಿ ಕೊಡಲಾರದು. ಮೇಲಾಗಿ ಕೈಗಾರಿಕಾ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿರುತ್ತವೆ. ಅವು ಹಣ್ಣು ತಿನ್ನುವವರಿಗಷ್ಟೇ ಅಲ್ಲ, ಮಂಡಿಯಲ್ಲಿ ಬರಿಗೈಯಲ್ಲಿ ಅದನ್ನು ಮುಟ್ಟುವ ಕೂಲಿಕಾರರಿಗೂ ಅಪಾಯ. ಹೀಗೆ ಹಣ್ಣು ಮಾಡಿ ಮಾರುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ವ್ಯಾಪಾರಿಗಳು ಎಥಿಲೀನ್ ಅನಿಲವನ್ನೇ, ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು ಮೀರದಂತೆ ಬಳಸಬಹುದು.

ಮಾಡಿ ನೋಡಿ

ಒಂದೇ ಚಿಪ್ಪಿನ ಮೂರು ಬಾಳೆಕಾಯಿ ತೆಗೆದುಕೊಳ್ಳಿ. ಒಂದನ್ನು ಹೊರಗಿಡಿ, ಒಂದನ್ನು ಕಾಗದದ ಚೀಲದಲ್ಲಿಡಿ, ಮತ್ತೊಂದನ್ನು ಇನ್ನೊಂದು ಚೀಲದಲ್ಲಿ ಕಳಿತ ಬಾಳೆಹಣ್ಣಿನ ಜೊತೆಗಿಡಿ. ಯಾವುದು ಮೊದಲು ಹಣ್ಣಾಯಿತೆಂದು ಬರೆದಿಡಿ. ನಾಲ್ಕನೆಯ ದಿನ ಮೂರರಿಂದಲೂ ಒಂದೊಂದು ಬಿಲ್ಲೆ ಕತ್ತರಿಸಿ, ಅಧ್ಯಾಪಕರ ಎದುರಿನಲ್ಲಿ ಅಯೋಡಿನ್ ಹನಿಸಿ. ಪಿಷ್ಟ ಉಳಿದಿರುವಲ್ಲಿ ಕಡುನೀಲಿ ಬಣ್ಣ ಮೂಡುತ್ತದೆ. ಆ ಬಿಲ್ಲೆಗಳನ್ನು ತಿನ್ನಬೇಡಿ.

ಸಿಪ್ಪೆ ಹೇಳಿದ್ದು ನಿಜವೋ ಸುಳ್ಳೋ ಎಂದು ತಿರುಳೇ ನಿಮಗೆ ಹೇಳುತ್ತದೆ. ಆಮೇಲೆ ಮುಂದಿನ ಬೇಸಿಗೆಯಲ್ಲಿ ಮನೆಗೆ ಮಾವು ತರುವಾಗ ಹಳದಿ ಹಣ್ಣನ್ನೇ ಹುಡುಕಬೇಡಿ. ಬಲಿತ ಹಸಿರು ಕಾಯಿ ತನ್ನಿ. ಉಳಿದದ್ದನ್ನು ಅದು ತಾನೇ ಮಾಡಿಕೊಳ್ಳುತ್ತದೆ. ನೀವು ಕೆಲವು ದಿನ ಕಾದರೆ ಸಾಕು.