ತಲೆಗೆ ಪೆಟ್ಟು ಬಿದ್ದ ಮೇಲೆ ನಿದ್ರೆ ಕೆಟ್ಟರೆ...

ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು, ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಮರಳಿದವರನ್ನು ನೀವು ನೋಡಿರಬಹುದು. ಗಾಯ ಮಾಯ್ದಿರುತ್ತದೆ, ಹೊಲಿಗೆ ಬಿಚ್ಚಿರುತ್ತಾರೆ, ಊಟ ತಿಂಡಿಯೂ ಸರಿಯಾಗಿರುತ್ತದೆ. ಆದರೆ ರಾತ್ರಿ ಎರಡು ಗಂಟೆಯಾದರೂ ನಿದ್ದೆ ಹತ್ತದು. ಬೆಳಿಗ್ಗೆ ಹನ್ನೊಂದಕ್ಕೆ ಕುರ್ಚಿಯಲ್ಲೇ ತೂಕಡಿಕೆ. ಮಾತನಾಡಿಸಿದರೆ ಸಿಡುಕು. 'ಸೋಮಾರಿಯಾಗಿಬಿಟ್ಟ' ಎಂದು ಮನೆಯವರ ಗೊಣಗಾಟ. ಇದು ಸೋಮಾರಿತನವಲ್ಲ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ನಿದ್ರೆಯ ತೊಂದರೆ ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಇಲ್ಲಿ ಹೇಳುತ್ತಿರುವುದು ವಾರಗಳು ಕಳೆದ ಮೇಲೂ ಉಳಿಯುವ ತೊಂದರೆಯ ಮಾತು. ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಮಂಪರು ಹೆಚ್ಚುತ್ತ ಹೋದರೆ, ಎಬ್ಬಿಸಿದರೂ ಏಳದಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ 'ಮಲಗಲಿ ಬಿಡಿ, ಸುಸ್ತಾಗಿದೆ' ಎನ್ನಬೇಡಿ. ತಲೆಬುರುಡೆಯೊಳಗೆ ರಕ್ತ ಸೋರುತ್ತಿರಬಹುದು. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಿದ್ರೆ ಏಕೆ ಕೆಡುತ್ತದೆ? ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮಿದುಳಿನ ತಳದಲ್ಲಿ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಗಡಿಯಾರ ಇದೇ. ಬೆಳಿಗ್ಗೆ ಎಚ್ಚರಿಸುವುದು, ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಸುರಿಸಿ ನಿದ್ರೆಗೆ ಅಣಿ ಮಾಡುವುದು ಇದರ ಹೊಣೆ. ಪೆಟ್ಟು ತಿಂದ ಮಿದುಳಿನಲ್ಲಿ ಸಂಜೆಯ ಮೆಲಟೋನಿನ್ ಕಡಿಮೆಯಾಗುವುದನ್ನೂ, ಹಗಲು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕ ಇಳಿಯುವುದನ್ನೂ ಸಂಶೋಧಕರು ಗುರುತಿಸಿದ್ದಾರೆ.

ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ನೋಡುವ ಕೆಲಸಕ್ಕಲ್ಲದೆ, ಬೆಳಗಾಯಿತೆಂದು ಗಡಿಯಾರಕ್ಕೆ ಸುದ್ದಿ ಮುಟ್ಟಿಸಲೆಂದೇ ಅಕ್ಷಿಪಟದಲ್ಲಿ ಬೇರೆ ಕೋಶಗಳಿವೆ ಎಂಬುದು 2002ರ ಹೊತ್ತಿಗೆ ಖಚಿತವಾಯಿತು. ಆಕಾಶದ ನೀಲಿ ಬೆಳಕೆಂದರೆ ಅವಕ್ಕೆ ಹೆಚ್ಚು ಸ್ಪಂದನ. ಇದನ್ನೇ ಆಧರಿಸಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮಿದುಳಿನ ಪೆಟ್ಟಿನಿಂದ ಬಳಲುತ್ತಿದ್ದ 30 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ನಾಲ್ಕು ವಾರ ಪ್ರತಿ ಬೆಳಿಗ್ಗೆ 45 ನಿಮಿಷ ನೀಲಿ ಬೆಳಕಿನ ಮುಂದೆ ಕುಳಿತವರಲ್ಲಿ ಆಯಾಸ, ಹಗಲಿನ ತೂಕಡಿಕೆ ಇಳಿದವು. ಮಂದವಾದ ಹಳದಿ ಬೆಳಕು ಪಡೆದವರಲ್ಲಿ ಇಳಿಯಲಿಲ್ಲ. ಚಿಕಿತ್ಸೆ ನಿಲ್ಲಿಸಿದ ಮೇಲೆ ತೊಂದರೆ ಮೆಲ್ಲಗೆ ಮರಳತೊಡಗಿತು ಎಂಬುದನ್ನೂ ಮರೆಯಬಾರದು. ಲಘು ಪೆಟ್ಟಾದವರಿಗೆ ಆರು ವಾರ, ಬೆಳಿಗ್ಗೆ ಅರ್ಧ ಗಂಟೆ ಇಂಥದೇ ಬೆಳಕು ಕೊಟ್ಟ ಅಮೆರಿಕದ ಪ್ರಯೋಗದಲ್ಲೂ ಹಗಲಿನ ನಿದ್ದೆ ತಗ್ಗಿದ್ದು ಕಂಡುಬಂದಿತು. ಪ್ರಯೋಗಗಳು ಚಿಕ್ಕವು. ಪವಾಡವೆಂದು ನಂಬಬೇಕಿಲ್ಲ, ಕಡೆಗಣಿಸಲೂ ಬೇಕಿಲ್ಲ.

ದೀಪದ ಪೆಟ್ಟಿಗೆ ಎಲ್ಲಿಂದ ತರುವುದು ಎಂದು ಚಿಂತಿಸಬೇಡಿ. ಬೆಳಕಿನ ಚಿಕಿತ್ಸೆಯ ಪೆಟ್ಟಿಗೆಗಳು ಸಾಮಾನ್ಯವಾಗಿ ಕೊಡುವುದು 10,000 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ಹೊರಗೆ, ನೆರಳಿನಲ್ಲೇ ಕುಳಿತರೂ, ಬೆಳಿಗ್ಗೆ ಸಾವಿರಾರು ಲಕ್ಸ್ ಸಿಗುತ್ತದೆ. ಪ್ರಯೋಗಗಳು ನಡೆದದ್ದು ದೀಪಗಳಿಂದ ಎಂಬುದು ನಿಜ. ಆದರೆ ಗಡಿಯಾರದ ಕೋಶಗಳಿಗೆ ಸೂರ್ಯನ ಬೆಳಕೂ ಬೆಳಕೇ. ವರ್ಷದ ಬಹುಪಾಲು ಬಿಸಿಲಿರುವ ದಾವಣಗೆರೆ, ಹರಿಹರಗಳಲ್ಲಿ ಅದಕ್ಕೆ ಕಾಸು ಕೊಡಬೇಕಿಲ್ಲ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಪೆಟ್ಟಾದವರನ್ನು ಒಳಕೋಣೆಯಲ್ಲಿ ಮಲಗಿಸಿ, 'ಗಾಳಿ ತಗುಲೀತು' ಎಂದು ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಸುತ್ತಿಬಿಡುತ್ತೇವೆ. ದಾವಣಗೆರೆಯ ಹಳೇಪೇಟೆಯ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಮೊದಲೇ ಬೆಳಕು ಕಡಿಮೆ. ಹಗಲೆಲ್ಲ ಅರೆಗತ್ತಲು, ರಾತ್ರಿ ಹನ್ನೆರಡರವರೆಗೆ ಟಿ.ವಿ., ಮೊಬೈಲು. ಮೊದಲೇ ಹದ ತಪ್ಪಿದ ಗಡಿಯಾರಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯುವುದಾದರೂ ಹೇಗೆ?

ವೈದ್ಯರು ಓಡಾಡಲು ಒಪ್ಪಿದ ಮೇಲೆ, ದಿನವೂ ಒಂದೇ ಹೊತ್ತಿಗೆ ಎಬ್ಬಿಸಿ. ಹೊತ್ತು ಮೂಡಿದ ಮೇಲೆ ಅರ್ಧ ಗಂಟೆ ಜಗಲಿಯಲ್ಲೋ ಮಾಳಿಗೆಯ ಮೇಲೋ ಕೂರಿಸಿ. ಹರಿಹರದವರಾದರೆ ತುಂಗಭದ್ರೆಯ ದಂಡೆಯಲ್ಲಿ ಯಾರಾದರೂ ಜೊತೆಗಿದ್ದು ನಡೆಸಿ. ಕಾಫಿ, ಪೇಪರು ಅಲ್ಲೇ ಆಗಲಿ. ಸೂರ್ಯನನ್ನು ನೇರ ನೋಡಕೂಡದು. ಬೆಳಕಿಗೆ ತಲೆ ಸಿಡಿದರೆ ಟೋಪಿ ಹಾಕಿ, ಐದು ನಿಮಿಷದಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಿ. ಸಂಜೆಯಾದ ಮೇಲೆ ದೀಪ ಮಂದವಾಗಿರಲಿ.

ಪೆಟ್ಟಿಗೆಯನ್ನೇ ಕೊಳ್ಳುವವರು ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಅಕ್ಷಿಪಟದ ಕಾಯಿಲೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರು, ಮೈಗ್ರೇನ್ ಅಥವಾ ಫಿಟ್ಸ್ ಇದ್ದವರು ವಿಶೇಷ ಎಚ್ಚರ ವಹಿಸಬೇಕು. ಮನಸ್ಸಿನ ಉದ್ವೇಗ ಏರಿಳಿಯುವ ಬೈಪೋಲಾರ್ ಕಾಯಿಲೆಯವರಲ್ಲಿ ಬಲವಾದ ಬೆಳಕು ಉದ್ರೇಕ ತರಬಹುದು.

ಇನ್ನು, ನಿದ್ದೆ ಕೆಡಿಸುವುದು ಗಡಿಯಾರವೊಂದೇ ಅಲ್ಲ. ಫಿಟ್ಸ್ ಮಾತ್ರೆಗಳಿಂದ ಮಂಪರು ಬರಬಹುದು. ನೋವು, ಖಿನ್ನತೆ, ಗೊರಕೆಯೊಡನೆ ಉಸಿರು ಕಟ್ಟುವುದು, ಪೆಟ್ಟಿನಿಂದ ಪಿಟ್ಯುಟರಿ ಗ್ರಂಥಿ ಸೊರಗುವುದು, ಇವೂ ಕಾರಣವಾಗಬಹುದು. ಆದ್ದರಿಂದ ಎರಡು ವಾರ ಮಲಗಿದ್ದು, ಎದ್ದದ್ದು, ಹಗಲು ತೂಕಡಿಸಿದ್ದು ಎಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದು, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ನಿಮ್ಮನ್ನು ನೋಡುತ್ತಿರುವ ನರರೋಗ ತಜ್ಞರಲ್ಲೋ ತೋರಿಸಿ. ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗಿಸುವುದಂತೂ ಬೇಡ. ಪೆಟ್ಟಾದ ಮಿದುಳಿಗೆ ಕೆಲವು ಮಾತ್ರೆಗಳಿಂದ ಮರೆವು, ತೂರಾಟ ಹೆಚ್ಚಾಗುತ್ತದೆ.

ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರು ಗುಣವಾದೊಡನೆ ರಾತ್ರಿ ಪಾಳಿಗೆ ಮರಳುವುದು ತರವಲ್ಲ. ಕೆಲವು ಕಾಲ ಹಗಲು ಪಾಳಿ ಕೊಡುವಂತೆ ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ಹಗಲು ತೂಕಡಿಕೆ ಇರುವವರೆಗೆ ಬೈಕಿನ ಕೀಲಿ ಮನೆಯವರ ಬಳಿಯೇ ಇರಲಿ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿದೆ, ರೈಲೂ ಇದೆ.